ಬೀಗರ ಮನೆಗೆ ಹೋದ ಕುದುರೆ

ಗುಡಾರದ ಬಾಗಿಲ ಬಲಗಡೆ, ಜಾಲರಿಗೋಡೆಯ ಮೂರನೆಯ ಕವಲಿನಲ್ಲಿ, ತೋರು ಎಂಬ ಕುದುರೆಯ ಮೊಗಹಗ್ಗ ತೂಗುತ್ತಿರಬೇಕಿತ್ತು. ಬೆಳಗಿನ ನಮಾಜು ಮುಗಿಸಿ ಮಂಡಿ ಹಿಡಿದುಕೊಂಡು ಎದ್ದ ಮುದುಕ ಜಾಪಾರ್ ಏನೋ ನೆನಪಾಗಿ ಅತ್ತ ಕೈಚಾಚಿದ. ಕೈಗೆ ಸಿಕ್ಕಿದ್ದು ಬರಿಯ ಕವಲು.

ನೋಡಿದರೆ ಅದೇನು ಮಹಾ ವಸ್ತುವಲ್ಲ. ಬೆಳ್ಳಿಯಿಲ್ಲ, ಬಾಯಿಗೆ ಕಬ್ಬಿಣವಿಲ್ಲ. ಕುದುರೆಯ ಮುಖಕ್ಕೆ ತೊಡಿಸಿ ಗೂಟಕ್ಕೆ ಕಟ್ಟುವ ತೊಗಲಿನ ಪಟ್ಟಿ, ಅಷ್ಟೇ. ಆದರೆ ಆ ಬೆಟ್ಟದ ಜನ ಕುದುರೆಯನ್ನು ಕೊಟ್ಟರೂ ಕೊಟ್ಟಾರು, ಅದರ ಮೊಗಹಗ್ಗವನ್ನು ಕೊಡರು. ಕುದುರೆ ಅಂಗಳ ಬಿಡುವಾಗ ಯಜಮಾನ ತನ್ನ ನಿಲುವಂಗಿಯ ಅಂಚಿನಿಂದ ಅದರ ಮೂತಿ ಒರೆಸಿ ಜೊಲ್ಲನ್ನು ಉಳಿಸಿಕೊಳ್ಳುತ್ತಾನೆ; ಹಗ್ಗ ಬಿಚ್ಚಿ ಉಳಿಸಿಕೊಳ್ಳುತ್ತಾನೆ. ಕುದುರೆ ಹೋದರೆ ಹೋಗಲಿ, ದೇವರು ಅದರ ಜೊತೆಗೆ ಕಳಿಸಿದ ಏಳಿಗೆ ಮನೆಯಲ್ಲೇ ಇರಲಿ ಎಂದು.

ತೋರು ಅಂಗಳ ಬಿಟ್ಟದ್ದು ಹಿಂದಿನ ದಿನವಷ್ಟೇ. ಮಗಳು ಸೈರಾಳ ಮಾವ ಚೋಮೋಯ್ ಬೆಟ್ಟದ ಆಚೆಯಿಂದ ಬಂದಿದ್ದ. ಮೂರು ಬಟ್ಟಲು ಕುಮಿಸ್ ಕುಡಿದು, ಹುಳಿಹಾಲಿನ ನೊರೆಯನ್ನು ಮೀಸೆಯಿಂದ ಒರೆಸಿಕೊಂಡು, "ಬೀಗರೇ, ನಿಮ್ಮ ಕಂದು ಕುದುರೆ ಮೇಲೆ ನನ್ನ ಕಣ್ಣು ಬಿದ್ದಿದೆ" ಎಂದ. ಬೀಗರು ಬಾಯಿ ಬಿಟ್ಟು ಕೇಳಿದ ಮೇಲೆ ಇಲ್ಲವೆನ್ನುವ ಹಾಗಿಲ್ಲ. ಯಾಕೆ ಎಂದು ಕೇಳುವ ಹಾಗಂತೂ ಇಲ್ಲವೇ ಇಲ್ಲ. "ಕಣ್ಣು ಬಿದ್ದ ಮೇಲೆ ಅದು ನಿಮ್ಮದೇ" ಎಂದುಬಿಟ್ಟ ಜಾಪಾರ್. ಹದಿಮೂರು ವರ್ಷ ತನ್ನ ತೊಡೆಗಳ ನಡುವೆ ಉಸಿರಾಡಿದ ಪ್ರಾಣಿ. ಮೂತಿ ಒರೆಸಿದ, ಹಗ್ಗ ಬಿಚ್ಚಿ ತಂದು ಕವಲಿಗೆ ಹಾಕಿದ, ಬೀಗರು ತಂದಿದ್ದ ನಾರಿನ ಹಗ್ಗವನ್ನು ಅದಕ್ಕೆ ತೊಡಿಸಿದ. ಬೀಳ್ಕೊಡುವ ಹೊತ್ತಿಗೆ ಮಾತ್ರ ಮಂಡಿನೋವೆಂದು ಹೇಳಿ ಒಳಗೇ ಕುಳಿತ.

"ಮುದುಕೀ, ಇಲ್ಲಿದ್ದ ಹಗ್ಗ ಎಲ್ಲಿ?"

ಹೆಂಡತಿ ಬುರುಲ್ ಕುಮಿಸ್ಸಿನ ತೊಗಲುಚೀಲದಲ್ಲಿ ಕಡೆಗೋಲು ಆಡಿಸುತ್ತಿದ್ದಳು. "ಯಾವ ಹಗ್ಗ?"

"ತೋರುಂದು."

"ನಾನೇನು ಅದನ್ನ ಸರ ಮಾಡಿ ಹಾಕ್ಕೊಂಡಿದೀನಾ? ಹುಡುಕಿ. ಸಿಗಬೇಕಾದಾಗ ಸಿಗುತ್ತೆ."

ಜಾಪಾರ್ ಹುಡುಕಿದ. ಕಂಬಳಿಗಳ ಮಡಿಕೆ, ಜೀನುಗಳ ಅಡಿ, ಸಗಣಿಬೆರಣಿಯ ರಾಶಿ, ಎಲ್ಲ ಕಡೆ. ಹುಡುಕುತ್ತ ಹುಡುಕುತ್ತ ಅವನ ಮನಸ್ಸು ಬೇರೆ ಕಡೆ ಹುಡುಕತೊಡಗಿತು. ಹಗ್ಗವನ್ನು ಕವಲಿಗೆ ಹಾಕಿದ ಮೇಲೆ ಬೀಗರು ಒಮ್ಮೆ ಎದ್ದು ಹೊರಗೆ ಹೋಗಿದ್ದರು. ಬಾಗಿಲು ದಾಟುವಾಗ ಬಲಗೈ ಗೋಡೆಗೆ ತಾಕಿತ್ತು. ತಾಕಿತ್ತೇ? ತಾಕಿರಲೇಬೇಕು, ಅಷ್ಟು ಕಿರಿದಾದ ಬಾಗಿಲು. ಹಿಂದಿರುಗಿ ಬಂದು ಕೂತಾಗ ನಕ್ಕಿದ್ದರು. ಯಾಕೆ ನಕ್ಕರು?

ಅನುಮಾನ ಎನ್ನುವುದು ಗುಡಾರದೊಳಕ್ಕೆ ನುಗ್ಗಿದ ಹಸುಗೂಸು ಕುರಿಮರಿಯ ಹಾಗೆ. ಮೊದಲ ದಿನ ಚಳಿಗೆ ಪಾಪವೆಂದು ಒಲೆಯ ಪಕ್ಕ ಮಲಗಿಸಿಕೊಳ್ಳುತ್ತೇವೆ. ಆಮೇಲೆ ಅದು ಹೊರಗೆ ಹೋಗುವುದಿಲ್ಲ.

ಮೂರನೆಯ ದಿನ ಬೋಜ್ ಹಾಲು ಕೊಡಲಿಲ್ಲ.

ಬೋಜ್ ಬೂದು ಬಣ್ಣದ ಹೆಣ್ಣುಕುದುರೆ, ಆ ಮನೆಯ ಹಾಲು ಕರೆಯುವ ನಾಲ್ಕು ಕುದುರೆಗಳಲ್ಲಿ ಹಿರಿಯಳು. ಮರಿಗಳನ್ನು ನೆಲಕ್ಕೆ ಬಿಗಿದ ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿದರೆ ತಾಯಿಕುದುರೆಗಳು ತಾವಾಗಿ ಬರುತ್ತವೆ. ಮರಿಗೆ ನಾಲ್ಕು ಗುಟುಕು ಕುಡಿಸಿ, ಪಕ್ಕಕ್ಕೆಳೆದು ಹಿಡಿದು, ಹಾಲು ಇಳಿದ ಚಣದಲ್ಲಿ ಕರೆದುಕೊಳ್ಳಬೇಕು. ಬುರುಲ್ ಒಂದು ಮಂಡಿಯೂರಿ, ಬಕೆಟ್ಟಿನ ಹಗ್ಗವನ್ನು ಮೊಣಕೈಗೆ ಸಿಕ್ಕಿಸಿ ಕುಳಿತಳು. ಮರಿ ಚೀಪಿತು, ಗುದ್ದಿತು, ಮತ್ತೆ ಚೀಪಿತು. ಕೆಚ್ಚಲು ಬರಿಯ ತೊಗಲು. ಬೋಜ್ ಮಾತ್ರ ಇದಾವುದೂ ತನಗೆ ಸೇರಿದ್ದಲ್ಲವೆನ್ನುವಂತೆ ಬೆಟ್ಟದ ಸಂದಿನ ಕಡೆ ಮುಖಮಾಡಿ ನಿಂತಿತ್ತು.

"ಹುಲ್ಲೂ ಮುಟ್ಟಿಲ್ಲ ಇದು" ಎಂದಳು ಬುರುಲ್. "ಹೀಗೇ ಆದ್ರೆ ಹತ್ತು ದಿನದಲ್ಲಿ ಬತ್ತಿಹೋಗುತ್ತೆ. ಹಾಲಿಲ್ಲದ ಮರಿ ಚಳಿಗಾಲ ದಾಟೋದುಂಟಾ?"

ಜಾಪಾರ್ ಮರಿಯ ಪಕ್ಕೆ ಸವರಿದ. ಬೆರಳಿಗೆ ಎಲುಬುಗಳು ಒಂದೊಂದಾಗಿ ಸಿಕ್ಕವು. ಅವನ ಬಾಯಲ್ಲಿ ದೇವರ ಹೆಸರು ಬಂತು, ಮನಸ್ಸಿನಲ್ಲಿ ಬೀಗರ ಹೆಸರು.

ಐದನೆಯ ದಿನ ನಾಯಿ ಬಾಸಾರ್ ಕಾಣೆಯಾಯಿತು. ತೋಳದ ಮುಂದೆ ನಿಂತು ಕಿವಿ ಹರಿಸಿಕೊಂಡ ನಾಯಿ, ಏಳು ವರ್ಷದಲ್ಲಿ ಒಂದು ರಾತ್ರಿಯೂ ಬಾಗಿಲು ಬಿಟ್ಟು ಮಲಗಿದ್ದಿಲ್ಲ. ಏಳನೆಯ ದಿನ ಬಂತು. ಸೊರಗಿರಲಿಲ್ಲ. ಹೊಟ್ಟೆ ಗುಂಡಗಿತ್ತು, ಗಡ್ಡಕ್ಕೆ ಯಾರದೋ ಮನೆಯ ಕೊಬ್ಬು ಮೆತ್ತಿತ್ತು. ಎರಡು ದಿನ ಮಲಗಿ ಎದ್ದು ಮತ್ತೆ ಅದೇ ಬೆಟ್ಟದ ಸಂದು ಹಿಡಿದು ಹೋಯಿತು.

"ನೋಡಿದ್ಯಾ?" ಎಂದ ಜಾಪಾರ್. "ನಾಯಿಗೂ ಲಂಚ ಹೋಗಿದೆ."

"ಯಾರಿಂದ?"

"ಬೆಟ್ಟದ ಆಚೆ ಯಾರಿದಾರೆ? ಹಗ್ಗ ಹೋಯ್ತು. ಹಗ್ಗದ ಹಿಂದೆ ಹಾಲು ಹೋಯ್ತು. ಹಾಲಿನ ಹಿಂದೆ ನಾಯಿ. ನಾಳೆ ನೀನೂ ಹೋಗ್ತೀಯೋ ಏನೋ."

"ಕರೆದೋರಿದ್ರೆ ಹೋಗ್ತಿದ್ದೆ. ಹಲ್ಲಿಲ್ಲದೋಳನ್ನ ಯಾರು ಕರೀತಾರೆ?" ಬುರುಲ್ ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. "ಮುದುಕರೇ, ಒಂದು ಮಾತು. ಬೀಗರ ಮೇಲೆ ಕಳ್ಳತನ ಹೊರಿಸ್ತೀರಾ? ಮಗಳು ಆ ಮನೇಲಿ ಚಹಾ ಸುರಿಯೋಳು. ನೀವಿಲ್ಲಿ ಬಾಯಿ ಬಿಟ್ರೆ ಅಲ್ಲಿ ಅವಳ ಕೈ ನಡುಗುತ್ತೆ."

"ಹಾಗಾದ್ರೆ ಮರಿ ಸಾಯ್ಲಾ?"

"ನಾನು ಹಾಗಂದ್ನಾ?" ಅವಳು ಬಕೆಟ್ಟನ್ನು ಬೋರಲು ಹಾಕಿದಳು. "ಹಗ್ಗ ಎಲ್ಲಿ ಹೋಯ್ತು ಅಂತ ಹತ್ತು ದಿನದಿಂದ ಕೇಳ್ತಿದೀರ. ಕುದುರೆ ಯಾಕೆ ಕೇಳಿದ್ರು ಅಂತ ಒಂದ್ಸಲನಾದ್ರೂ ಕೇಳ್ಕೊಂಡ್ರಾ?"

"ಕುದುರೆ ಯಾಕೆ ಕೇಳ್ತಾರೆ? ಹತ್ತೋಕೆ."

ಬುರುಲ್ ಬಕೆಟ್ಟು ಎತ್ತಿಕೊಂಡು ಹೊರಟುಹೋದಳು. ಆ ನಡಿಗೆಯ ಮೇಲೂ ಅವನಿಗೆ ಅನುಮಾನ ಬಂತು. ಇವಳಿಗೇನೋ ಗೊತ್ತಿದೆ, ಇವಳೂ ಆ ಕಡೆಯವಳೇ.

ಮರುದಿನ ಬೆಳಕು ಹರಿಯುತ್ತಲೇ ಅವನು ಆಲಾ ಕುದುರೆಗೆ ಜೀನು ಬಿಗಿದ. ಆಲಾ ಬಿಳಿ ಕಪ್ಪು ಮಚ್ಚೆಯ ಆರು ವರ್ಷದ ಗಂಡು. ಮೈ ತುಂಬ ಕೊಬ್ಬು, ತಲೆ ತುಂಬ ಸಿಟ್ಟು. ಹತ್ತುವವನ ತೋಳನ್ನು ಒಮ್ಮೆ ಕಚ್ಚದೆ ಅದು ಹೆಜ್ಜೆ ಎತ್ತುತ್ತಿರಲಿಲ್ಲ. ಅಂದೂ ಕಚ್ಚಿತು. ಆದರೆ ಕಲ್ಲುಗಳು ಜಾರುವ ಆ ಏರಿನಲ್ಲಿ, ಮುದುಕನ ಪಾದ ರಿಕಾಪಿನಿಂದ ಎರಡು ಸಲ ಕಳಚಿದಾಗ, ಎರಡು ಸಲವೂ ತಾನಾಗಿ ನಿಂತು, ಅವನು ಸರಿಯಾಗಿ ಕುಳಿತ ಮೇಲೇ ಮುಂದೆ ಹೋಯಿತು. ಜಾಪಾರ್ ಅದನ್ನು ಗಮನಿಸಲಿಲ್ಲ. ಬೀಗರಿಗೆ ಹೇಳಬೇಕಾದ ಮಾತನ್ನು ಅವನು ತಿರುಗಿಸಿ ತಿರುಗಿಸಿ ಮಸೆಯುತ್ತಿದ್ದ. ಕಳ್ಳ ಎನ್ನಬಾರದು. ಕಳ್ಳ ಎಂದು ಗೊತ್ತಾಗಬೇಕು.

ಇಳಿಜಾರಿನ ಕೆಳಗೆ ಬೀಗರ ಮೂರು ಗುಡಾರಗಳು ಕಂಡವು. ಅದರಾಚೆ ಹೊಸದಾಗಿ ತೋಡಿದ ಒಲೆಗುಣಿಗಳ ಸಾಲು. ಪಕ್ಕದಲ್ಲಿ ಬೋರಲು ಹಾಕಿದ ಕೊಪ್ಪರಿಗೆಗಳು, ಒಂದೊಂದೂ ಬೇರೆ ಬೇರೆ ಮನೆಯದು, ಎರವಲು ತಂದದ್ದು. ಗೂಟಗಳ ಹತ್ತಿರ, ಉಳಿದ ಕುದುರೆಗಳಿಂದ ದೂರ, ತೋರು ಒಂಟಿಯಾಗಿ ನಿಂತಿತ್ತು. ಅದರ ಕಾಲಬುಡದಲ್ಲಿ ಬಾಸಾರ್.

ಮೊದಲು ಓಡಿ ಬಂದವಳು ಸೈರಾ. "ಅಪ್ಪಾ! ಆ ಮಂಡಿ ಇಟ್ಕೊಂಡು ಬೆಟ್ಟ ಹತ್ತಿದ್ರಾ? ಅವ್ವ ಹುಷಾರಾಗಿದಾಳೆ ತಾನೆ?"

"ಅವಳಿಗೇನು, ಚೆನ್ನಾಗೇ ಇದಾಳೆ."

ಚೋಮೋಯ್ ಬಾಗಿಲಲ್ಲೇ ನಿಂತಿದ್ದ. "ಬನ್ನಿ ಬೀಗರೇ. ಸುದ್ದಿ ಕಳಿಸದೆ ಬಂದ್ರಿ."

"ಸುದ್ದಿಗಿಂತ ಕುದುರೆ ಬೇಗ ಬರುತ್ತೆ."

"ಈ ಕಚ್ಚೋ ಕುದುರೆನಾ? ಇದು ಬರೋ ಹೊತ್ತಿಗೆ ಸುದ್ದಿ ಬಂದು, ಊಟ ಮಾಡಿ, ವಾಪಸ್ಸೂ ಹೋಗಿರುತ್ತೆ."

ಇಬ್ಬರೂ ನಕ್ಕರು. ಇಬ್ಬರ ಕಣ್ಣೂ ನಗಲಿಲ್ಲ. ಒಳಗೆ ರೊಟ್ಟಿ ಮುರಿದರು, ಕೆನೆ ಸವರಿದರು. ಸೈರಾ ಚಹಾ ಸುರಿದಳು. ಬಟ್ಟಲು ತಟ್ಟೆಗೆ ಟಕಟಕ ತಾಕಿದ ಸದ್ದು ಕೇಳಿ ಜಾಪಾರ್ ಮಗಳ ಕೈ ನೋಡಿದ.

"ಕೊಪ್ಪರಿಗೆ ಬಹಳ ಬಂದಿವೆ" ಎಂದ ಅವನು.

"ಅಪ್ಪನ ವರ್ಷದ ಊಟ ಅಲ್ವಾ ಬೀಗರೇ. ಹದಿನೆಂಟು ದಿನ ಉಳೀತು. ನಿಮಗೇ ಮೊದಲು ಹೇಳಿದ್ದು, ಮರೆತಿರಾ?"

ಮರೆತಿರಲಿಲ್ಲ. ಚೋಮೋಯ್‌ನ ತಂದೆಯ ಹೆಣಕ್ಕೆ ಜಾಪಾರನೂ ಹೆಗಲು ಕೊಟ್ಟಿದ್ದ. ವರ್ಷದ ಊಟಕ್ಕೆ ಇಡೀ ಕಣಿವೆ ಬರುತ್ತದೆ. ಸತ್ತವರ ಹೆಸರಿಗೆ ಕುದುರೆ ಕೊಯ್ಯದೆ ಕೊಪ್ಪರಿಗೆ ಕುದಿಯುವುದಿಲ್ಲ. ಇದು ಮಕ್ಕಳಿಗೂ ಗೊತ್ತು. ಅವನು ಕೈಯಲ್ಲಿದ್ದ ರೊಟ್ಟಿ ತುಂಡನ್ನು ಮತ್ತೆ ಕೆಳಗಿಟ್ಟ.

ಚೋಮೋಯ್ ಬಟ್ಟಲು ಕೆಳಗಿಟ್ಟ. "ನೀವು ಬಂದದ್ದು ಒಳ್ಳೇದೇ ಆಯ್ತು. ನಾನೇ ಬರೋನಿದ್ದೆ. ಒಂದು ಮಾತು ಕೇಳಬೇಕು, ಸಿಟ್ಟಾಗಬಾರದು." ಎದ್ದು ಹೊರಗೆ ಹೋಗಿ, ಏನನ್ನೋ ಹಿಡಿದು ಬಂದು ಜಾಪಾರನ ಮುಂದೆ ಹಾಕಿದ. "ಇದೇನು ಬೀಗರೇ?"

ತೋರುವಿನ ಮೊಗಹಗ್ಗ.

"ಮನೆಗೆ ಬಂದು ನೋಡ್ತೀನಿ, ನನ್ನ ಹಗ್ಗ ನನ್ನದೇ ಜೀನುಚೀಲದಲ್ಲಿ ಸುತ್ತಿ ಇಟ್ಟಿದೆ. ಕುದುರೆ ಮುಖದಲ್ಲಿ ನಿಮ್ಮ ಹಗ್ಗ. ನಮ್ಮ ಅಜ್ಜಿ ಹೇಳೋರು, ತನ್ನ ಹಗ್ಗದ ಸಮೇತ ಹೋದ ಕುದುರೆ ಕೊಟ್ಟದ್ದಲ್ಲ, ಕಾಯೋಕೆ ಬಿಟ್ಟದ್ದು ಅಂತ. ಕೊಟ್ಟ ಹಾಗೂ ಆಗಬೇಕು, ಕೊಡದ ಹಾಗೂ ಇರಬೇಕು, ಅದಕ್ಕಾ ಈ ಕೆಲಸ? ಅದಕ್ಕೇ ಇದು ಇಲ್ಲಿ ನಿಲ್ತಿಲ್ಲ. ಬಾರ್ಲಿ ಸುರಿದ್ರೂ ಮೂಸಲ್ಲ. ಹೊತ್ತು ಮೂಡಿದಾಗಿಂದ ಮುಳುಗೋವರೆಗೂ ನಿಮ್ಮ ಬೆಟ್ಟದ ಕಡೆ ತಿರುಗಿ ನಿಂತಿರುತ್ತೆ. ನಿಮ್ಮ ನಾಯಿ ಬಂದು ಪಕ್ಕದಲ್ಲಿ ಮಲಗಿದ ದಿನ ಮಾತ್ರ ನಾಲ್ಕು ಹಿಡಿ ತಿನ್ನುತ್ತೆ. ಅದಕ್ಕೇ ಆ ನಾಯಿಗೆ ಕುರಿಯ ಬಾಲದಕೊಬ್ಬು ಹಾಕಿ ಹಾಕಿ ನನ್ನ ಹೆಂಡತಿ ಸಾಕಾಗಿ ಹೋದ್ಲು. ಏನು ಮಂತ್ರ ಹಾಕಿ ಕಳಿಸಿದೀರಿ, ಬಾಯಿಬಿಟ್ಟು ಹೇಳಿ."

ಹನ್ನೆರಡು ದಿನ ಅವನು ಈ ಮನುಷ್ಯನ ಮೇಲೆ ಹೊರಿಸಿದ ಒಂದೊಂದು ಹೊರೆಯನ್ನೂ ಈ ಮನುಷ್ಯ ಅಷ್ಟೇ ದಿನ ಅವನ ಮೇಲೆ ಹೊರಿಸುತ್ತ ಬಂದಿದ್ದ. ಬೆಟ್ಟದ ಈಚೆ ಒಂದು ಕುದುರೆ ಹುಲ್ಲು ಬಿಟ್ಟು ನಿಂತಿದೆ, ಆಚೆ ಒಂದು ಬಾರ್ಲಿ ಬಿಟ್ಟು ನಿಂತಿದೆ. ತೋರು ಮತ್ತು ಬೋಜ್ ಒಂದೇ ಬೇಸಿಗೆಯಲ್ಲಿ ಹುಟ್ಟಿದವು. ಹದಿಮೂರು ವರ್ಷ ನೊಣ ಓಡಿಸಲು ಒಂದರ ಮುಖಕ್ಕೆ ಇನ್ನೊಂದರ ಬಾಲ. ಅವುಗಳ ನಡುವೆ ಹಾಲೂ ಏಳಿಗೆಯೂ ಯಾವ ಹಗ್ಗದಲ್ಲಿ ಹರಿಯುತ್ತಿತ್ತೋ, ಅದನ್ನು ಕತ್ತರಿಸಿದವನು ಬೀಗನಲ್ಲ.

ಅವನು ಮೊಗಹಗ್ಗ ಎತ್ತಿಕೊಂಡ. ಕಿವಿಯ ಹಿಂದೆ ಬರುವ ಪಟ್ಟಿಗೆ ಒಳಗಿನಿಂದ ಮೆತ್ತನೆಯ ಕಂಬಳಿ ತುಂಡು ಹೊಲಿದಿತ್ತು. ತೋರುವಿಗೆ ಅಲ್ಲಿ ಹುಣ್ಣಾಗಿತ್ತು. ನಾರಿನ ಹಗ್ಗ ಉಜ್ಜಿದರೆ ರಕ್ತ ಬರುತ್ತಿತ್ತು. ಹೊಲಿಗೆ ಹೊಸದು. ಅಡ್ಡಕ್ಕೊಂದು ಉದ್ದಕ್ಕೊಂದು ಬಿಗಿದ ಆ ಹೊಲಿಗೆಯನ್ನು ಅವನು ತನ್ನ ಎಲ್ಲ ಅಂಗಿಗಳ ಮೊಣಕೈಯಲ್ಲಿ ನಲವತ್ತು ವರ್ಷದಿಂದ ಉಟ್ಟಿದ್ದ. ತಾನು ಮಂಡಿನೋವೆಂದು ಒಳಗೆ ಕುಳಿತಾಗ ಬೀಗರನ್ನು ಬೀಳ್ಕೊಟ್ಟವಳು ಬುರುಲ್ ಒಬ್ಬಳೇ.

ಬುರುಲ್‌ಗೆ ಗೊತ್ತಿತ್ತು, ಕುದುರೆ ಯಾಕೆ ಹೋಗುತ್ತಿದೆ ಎಂದು. ತನಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಕೇಳಲಿಲ್ಲ, ಗೊತ್ತಿದ್ದದ್ದರಿಂದಲೇ ಮಂಡಿ ನೋಯಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ತಾನೇ ಕೂಗಿಕೊಂಡು, ಊರವರ ಹೆಗಲನ್ನೆಲ್ಲ ಹುಡುಕಿ, ತನ್ನದನ್ನು ಮಾತ್ರ ಮುಟ್ಟಿ ನೋಡಿಕೊಂಡಿರಲಿಲ್ಲ.

ಸೈರಾ ಬಗ್ಗಿ ಬಟ್ಟಲು ತೆಗೆದುಕೊಳ್ಳುವಾಗ ಹೊಲಿಗೆ ನೋಡಿದಳು. ಅವಳ ಮುಖ ಬಿಳುಚಿತು. ತುಟಿ ಅಲುಗಿತು. ಜಾಪಾರ್ ಬೇಡವೆಂದು ಕಣ್ಣಲ್ಲೇ ಹೇಳಿದ.

"ನಾನೇ ಕಳಿಸಿದ್ದು" ಎಂದ.

ಚೋಮೋಯ್ ಕಣ್ಣು ಕಿರಿದು ಮಾಡಿದ. "ನೀವೇ?"

"ನಾನೇ. ಕೊಟ್ಟೆ ಅಂತ ಬಾಯಿ ಹೇಳ್ತು, ಕೈ ಕೇಳಲಿಲ್ಲ. ತಪ್ಪು ನಂದು ಬೀಗರೇ. ಅಜ್ಜಿ ಹೇಳಿದ್ದು ಸರಿ. ಅದನ್ನ ಕಾಯೋಕೆ ಬಿಟ್ಟಿದ್ದೆ. ಕಾದಿದೀರಿ, ದೇವರು ಒಳ್ಳೇದು ಮಾಡಲಿ. ಈಗ ಕರ್ಕೊಂಡು ಹೋಗ್ತೀನಿ."

"ಹೋಗಿ. ಹೋಗೋ ಮೊದಲು ಇದಕ್ಕುತ್ತರ ಹೇಳಿ. ಇಡೀ ಕಣಿವೆ ಬಂದು ಕೂತಾಗ ಅಪ್ಪನ ಹೆಸರಲ್ಲಿ ನಾನು ಏನು ಬೇಯಿಸ್ಲಿ? ನಿಮ್ಮ ಬುದ್ಧಿವಂತಿಕೆನಾ?"

ಜಾಪಾರ್ ಬಾಗಿಲಾಚೆ ನೋಡಿದ. ಗೂಟದ ಬಳಿ ಆಲಾ ಯಾರದೋ ಮೇಕೆಗೆ ಹಲ್ಲು ಕಿರಿಯುತ್ತಿತ್ತು. ಬೆವರು ಆರಿ ಬೆನ್ನು ಹೊಳೆಯುತ್ತಿತ್ತು. ಬರುವ ದಾರಿಯಲ್ಲಿ ಅದು ಎರಡು ಸಲ ನಿಂತದ್ದು ಆಗ ಅವನಿಗೆ ನೆನಪಾಯಿತು. ಆಗಲೇ ಯಾಕೆ ನೆನಪಾಗಬೇಕಿತ್ತೋ, ದೇವರೇ ಬಲ್ಲ.

"ಆಲಾ ಆಗುತ್ತಾ?"

ಚೋಮೋಯ್ ಎದ್ದು ಹೋಗಿ, ಬೀಗನ ಮಾತಿಗಿಂತ ಕುದುರೆಯ ಬಾಯಿಯೇ ವಾಸಿ ಎನ್ನುವಂತೆ ಅದರ ತುಟಿ ಎತ್ತಿ ಹಲ್ಲು ನೋಡಿದ. ಕತ್ತಿನ ಕೊಬ್ಬು ಹಿಚುಕಿದ. ಸುತ್ತ ಒಮ್ಮೆ ನಡೆದ. "ಇದಕ್ಕೇನು ಹಗ್ಗ ಕಳಿಸ್ತೀರೋ?"

"ಇಲ್ಲ. ಒಂದು ಕೇಳ್ತೀನಿ, ಅಷ್ಟೇ. ಇದು ನಿಮಗೆ ಯಾಕೆ ಬೇಕು?"

"ಇದೆಂಥ ಮಾತು? ಬೀಗರು ಬೀಗರನ್ನ ಕೇಳೋ ಮಾತಾ ಇದು? ಗೊತ್ತಿಲ್ವಾ ನಿಮಗೆ?"

"ಗೊತ್ತು. ನೀವೇ ಹೇಳಿ."

ಚೋಮೋಯ್ ಟೋಪಿ ಸರಿಮಾಡಿಕೊಂಡ. ಅವನ ದನಿ ಇಳಿಯಿತು. "ಅಪ್ಪನ ಹೆಸರಿಗೆ ಕೊಯ್ಯೋಕೆ."

"ಕೊಟ್ಟೆ."

ಜಾಪಾರ್ ಜೀನು ಇಳಿಸಿದ. ನಿಲುವಂಗಿಯ ಅಂಚು ಹಿಡಿದು ಆಲಾನ ಮೂತಿ ಒರೆಸಲು ಹೋದ. ಆಲಾ ಕಚ್ಚಿತು, ಈ ಸಲ ತೋಳಿನ ಮಾಂಸಕ್ಕೇ. ಅವನು ಕೈ ಎಳೆದುಕೊಳ್ಳಲಿಲ್ಲ. ಅದು ತಾನಾಗಿ ಬಿಡುವವರೆಗೂ ನಿಂತ. ಆಮೇಲೆ ಎರಡೂ ಅಂಗೈ ತೆರೆದು ಹರಸಿದ: ಸತ್ತವರಿಗೆ ಶಾಂತಿ ಸಿಗಲಿ, ಉಂಡವರಿಗೆ ತಣಿವು ಸಿಗಲಿ, ಈ ಪ್ರಾಣಿಯ ಕೊನೆಯ ಚಣ ಚಿಕ್ಕದಾಗಲಿ. ಓಮಿನ್, ಹಾಗೇ ಆಗಲಿ. ಬೀಗರೂ ಮುಖ ಸವರಿಕೊಂಡು ಓಮಿನ್ ಎಂದರು. ಮಂಡಿ ನೋಯುತ್ತಿದ್ದರೂ ಅವನು ಮುಖ ತಿರುಗಿಸಲಿಲ್ಲ; ಆಲಾನನ್ನು ಕೊನೆಯ ಗೂಟಕ್ಕೆ ಕಟ್ಟುವವರೆಗೂ ನೋಡಿದ.

ಹೊರಡುವಾಗ ಸೈರಾ ರಿಕಾಪು ಹಿಡಿದಳು. "ಅಪ್ಪಾ, ಸುಳ್ಳು ಹೇಳಿದ್ರಿ."

"ಒಂದು ನಿಜ ಮುಚ್ಚಿಟ್ಟಿದ್ದೆ, ಅದಕ್ಕೆ ದಂಡ. ದೇವರ ಹತ್ತಿರ ನಾನು ಮಾತಾಡ್ಕೋತೀನಿ. ನೀನು ಒಳಗೆ ಹೋಗು, ಮಾವನಿಗೆ ಬಿಸಿ ಚಹಾ ಕೊಡು. ಅವರೇನೂ ಕೆಟ್ಟೋರಲ್ಲ."

"ಅವರೂ ನಿಮ್ಮ ಬಗ್ಗೆ ಹಾಗೇ ಅಂತಿದ್ರು, ಹಗ್ಗ ಸಿಗೋವರೆಗೂ."

ತೋರು ಬೆಟ್ಟದ ಏರನ್ನು ಹೇಳಿಸಿಕೊಳ್ಳದೆಯೇ ಹತ್ತಿತು. ಬಾಸಾರ್ ಮುಂದೆ ಮುಂದೆ ಓಡಿತು. ಸಂದಿನ ನೆತ್ತಿ ದಾಟುವ ಮೊದಲೇ ಮನೆಯ ಕಡೆಯ ಇಳಿಜಾರಿನಿಂದ ಬೋಜ್ ಕೆನೆದದ್ದು ಕೇಳಿಸಿತು. ತೋರುವಿನ ಇಡೀ ಮೈ ಜಾಪಾರನ ತೊಡೆಗಳ ನಡುವೆ ನಡುಗಿತು.

ಬಿಸಿಲು ಇನ್ನೂ ಇತ್ತು. ಬುರುಲ್ ಏನೂ ಕೇಳದೆ ಬಕೆಟ್ಟು ತಂದಳು. ತೋರು ಬೋಜ್‌ನ ಕತ್ತಿನ ಮೇಲೆ ಕತ್ತಿಟ್ಟು ನಿಂತಿತು. ಜಾಪಾರ್ ಮರಿಯನ್ನು ಬಿಚ್ಚಿ ತಂದ. ಅದು ಚೀಪಿತು, ಗುದ್ದಿತು, ಮತ್ತೆ ಚೀಪಿತು. ಒಮ್ಮೆಗೇ ಅದರ ಗಂಟಲು ತುಂಬಿ ತುಟಿಯಂಚಿನಿಂದ ಬಿಳಿ ಇಳಿಯಿತು. ಅವನು ಮರಿಯನ್ನು ಪಕ್ಕಕ್ಕೆಳೆದು ಹಿಡಿದ. ಬುರುಲ್ ಮಂಡಿಯೂರಿದಳು. ಬಕೆಟ್ಟಿನ ತಳದಲ್ಲಿ ಹಾಲು ಸದ್ದು ಮಾಡಿತು.

"ಹಗ್ಗ ಸಿಕ್ತಾ?" ಎಂದಳು, ತಲೆಯನ್ನು ಕುದುರೆಯ ಹೊಟ್ಟೆಗೆ ಆನಿಸಿ.

"ಸಿಕ್ತು."

"ಎಲ್ಲಿತ್ತು?"

"ಇರಬೇಕಾದ ಕಡೆ."

ಆಮೇಲೆ ಅವಳು ಕಟ್ಟುವ ಗೂಟಗಳ ಕಡೆ ನೋಡಿದಳು. ಮತ್ತೊಮ್ಮೆ ಎಣಿಸುವವಳಂತೆ ನೋಡಿದಳು.

"ಆಲಾ ಎಲ್ಲಿ?"

"ಬೀಗರಿಗೆ ಕೊಟ್ಟೆ."

ಅವಳ ಬೆರಳು ನಿಂತವು. "ಯಾಕೆ ಅಂತ ಕೇಳಿದ್ರಾ?"

"ಕೇಳಿದೆ. ಹೇಳಿದ್ರು. ಕೊಟ್ಟೆ."

ಬಕೆಟ್ಟು ಅರ್ಧವೂ ತುಂಬಿರಲಿಲ್ಲ. ಅವಳು ಅದನ್ನು ಮೊಣಕೈಯಿಂದ ಬಿಡಿಸಿಕೊಂಡು ಎದ್ದಳು.

"ಇವತ್ತಿಗೆ ಸಾಕು. ಬಿಟ್ಬಿಡಿ, ಕುಡೀಲಿ."

ಜಾಪಾರ್ ಕೈ ಸಡಿಲಿಸಿದ. ಮರಿ ಹಾರಿ ಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ಮುದುಕ ಅಲ್ಲೇ ಹುಲ್ಲಿನ ಮೇಲೆ ಕುಳಿತು, ಅದರ ಗಂಟಲು ಏರಿ ಇಳಿಯುವುದನ್ನು ಬಹಳ ಹೊತ್ತು ನೋಡಿದ.